ದಾರಿ ತೋರುವ ಯಂತ್ರವನ್ನು ವಾಹನದಲ್ಲಿ ಎಲ್ಲಿ ಕೂರಿಸಬೇಕು?

ಸದಸ್ಯ ಬಾಂಧವರೇ,

ನಮ್ಮ ಬೆಳೆಗಾರರ ಜೀಪು, ಪಿಕಪ್ಪುಗಳಲ್ಲಿ ದಾರಿ ನೋಡಲು ಮೊಬೈಲ್ ಇಟ್ಟುಕೊಳ್ಳುವುದು ಈಗ ರೂಢಿಯಾಗಿದೆ. ಕೊಯ್ಲಿನ ಆಳುಗಳನ್ನು ಕರೆತರಲು ಹೂವಿನ ಹಿಪ್ಪರಗಿ, ಸಿಂದಗಿ, ಇಂಡಿಯ ಕಡೆಗೆ ಹೋಗುವವರಿಗಂತೂ ಅದರಿಂದ ಬಹಳ ಉಪಕಾರವಿದೆ. ಆದರೆ ಕೈಗೆ ಸಿಕ್ಕಿದ ಜಾಗದಲ್ಲಿ ಅಂಟಿಸಿದರೆ, ದಾರಿ ತೋರಬೇಕಾದ ಯಂತ್ರವೇ ದಾರಿಯನ್ನು ಮರೆಮಾಡೀತು.

ಮೊದಲು ಕಾನೂನಿನ ಮಾತು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯಂತೆ, ವಾಹನ ನಡೆಸುವಾಗ ಮೊಬೈಲನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಚಾಲಕನ ಗಮನ ಕೆಡದಂತೆ ಬಳಸತಕ್ಕದ್ದು. ಇದಕ್ಕೆ ಕಾರಣವೂ ಸ್ಪಷ್ಟ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಕಣ್ಣು ತಗ್ಗಿಸಿದರೆ ವಾಹನ 33 ಮೀಟರ್ ಮುಂದೆ ಹೋಗಿರುತ್ತದೆ. 2.7 ಮೀಟರ್ ಅಂತರದ ಅಡಿಕೆ ಸಾಲಿನಲ್ಲಿ ಅದು ಹನ್ನೆರಡು ಮರಗಳಷ್ಟು ದೂರ!

ಕೂಡದ ಜಾಗಗಳು

1. ಚಾಲಕನ ಬಲಗಡೆಯ ಮೂಲೆ. ಗಾಜಿನ ಪಕ್ಕದ ಕಂಬವೇ ಅಲ್ಲಿ ನೋಟಕ್ಕೆ ಅಡ್ಡವಿರುತ್ತದೆ. ಅದರ ಪಕ್ಕದಲ್ಲಿ ಮೊಬೈಲನ್ನೂ ಇಟ್ಟರೆ, ಘಾಟಿಯ ಬಲತಿರುವಿನಲ್ಲಿ ಎದುರು ಬರುವ ಬೈಕು ಕಾಣದೆ ಹೋಗಬಹುದು.

2. ಗಾಜಿನ ನಡುಮಧ್ಯ. ಇದು ರಸ್ತೆಯನ್ನು ಮರೆಮಾಡುತ್ತದೆ. ರಾತ್ರಿ ಪರದೆಯ ಬೆಳಕು ಕಣ್ಣಿಗೆ ಹೊಡೆಯುತ್ತದೆ.

3. ಗೇರಿನ ಬಳಿಯ ತಟ್ಟೆ ಅಥವಾ ತೊಡೆಯ ಮೇಲೆ. ಪ್ರತಿ ಸಲವೂ ತಲೆ ಬಗ್ಗಿಸಬೇಕಾಗುತ್ತದೆ.

4. ಏರ್‌ಬ್ಯಾಗಿನ ಮುಚ್ಚಳದ ಮೇಲೆ ಅಥವಾ ಎದುರಿಗೆ. ಅಪಘಾತವಾದರೆ ಮೊಬೈಲು ಕಲ್ಲಿನಂತೆ ಮುಖಕ್ಕೆ ಬಡಿಯುತ್ತದೆ.

ತಕ್ಕ ಜಾಗ

ಸ್ಟಿಯರಿಂಗಿನ ಎಡಕ್ಕೆ, ಡ್ಯಾಶ್‌ಬೋರ್ಡಿನ ನಡುವಿನಲ್ಲಿ, ತಗ್ಗಾಗಿ ಕೂರಿಸುವುದು ಉತ್ತಮ. ಸೀಟಿನಲ್ಲಿ ಕುಳಿತು ನೋಡಿದಾಗ ಮೊಬೈಲಿನ ಮೇಲಂಚು ಬಾನೆಟ್ಟಿಗಿಂತ ಮೇಲೆ ಕಾಣಕೂಡದು. ಬೆನ್ನು ಸೀಟಿನಿಂದ ಏಳದೆ ಕೈಗೆ ಎಟುಕಬೇಕು. ಚಾರ್ಜಿನ ತಂತಿಯನ್ನು ಗೇರಿಗೂ ಸ್ಟಿಯರಿಂಗಿಗೂ ಸಿಕ್ಕದಂತೆ ಬದಿಯಲ್ಲಿ ಒಯ್ಯಬೇಕು.

ನಮ್ಮ ತೋಟದ ರಸ್ತೆಗಳ ಕುಲುಕಾಟಕ್ಕೆ ರಬ್ಬರ್ ಬಟ್ಟಲಿನ ಹಿಡಿಕೆ ಕಳಚಿಕೊಳ್ಳುವುದುಂಟು. ಬಿದ್ದ ಮೊಬೈಲು ಬ್ರೇಕಿನ ಪೆಡಲಿನ ಅಡಿಗೆ ಉರುಳಿದರೆ ಇಳಿಜಾರಿನಲ್ಲಿ ಪ್ರಾಣಕ್ಕೇ ಸಂಚಕಾರ. ಆದುದರಿಂದ ಸ್ಕ್ರೂ ಹಾಕಿ ಬಿಗಿಯುವ ಹಿಡಿಕೆಯೇ ಮೇಲು. ಬಟ್ಟಲಿನದನ್ನೇ ಬಳಸುವವರು ಜಾಗವನ್ನು ಒರೆಸಿ ಅಂಟಿಸಿ, ಹೊರಡುವ ಮೊದಲು ಒಮ್ಮೆ ಎಳೆದು ನೋಡತಕ್ಕದ್ದು.

ಬಯಲುಸೀಮೆಗೆ ಹೊರಟಾಗ

ಕೊಯ್ಲು ಮುಗಿದು ಆಳುಗಳನ್ನು ಊರಿಗೆ ಬಿಡಲು ಮಾರ್ಚಿಯಲ್ಲಿ ಹೊರಟರೆ ವಿಜಯಪುರ ಜಿಲ್ಲೆಯ ಬಿಸಿಲು ಬೇರೆಯೇ. ಗಾಜಿನ ಹಿಂದೆ ಕಾಯುವ ಮೊಬೈಲು ತಾನಾಗಿ ಆರಿಹೋಗಬಹುದು. ತಗ್ಗಾದ ಜಾಗದಲ್ಲಿ ಬಿಸಿಲಿನ ಹೊಡೆತ ಕಡಮೆ. ವಾಹನ ನಿಲ್ಲಿಸಿದಾಗ ಮೊಬೈಲನ್ನು ಹಿಡಿಕೆಯಿಂದ ತೆಗೆದಿಡಿ.

ಉಪಗ್ರಹದ ಸಂಕೇತ ಆಕಾಶದಿಂದ ಬರುವುದರಿಂದ ಅದಕ್ಕೆ ಟವರ್ ಬೇಕಿಲ್ಲ. ಸಾದಾ ಗಾಜು ಅದನ್ನು ತಡೆಯುವುದಿಲ್ಲ. ಲೋಹಾಂಶವಿರುವ ಬಿಸಿಲುತಡೆ ಹಾಳೆ ತಡೆಯಬಹುದು. ಆದರೆ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು. ಇಲ್ಲವಾದರೆ ಘಾಟಿಯಲ್ಲಿ ಟವರ್ ಹೋದಾಗ ಪರದೆ ಬರಿದಾಗುತ್ತದೆ.

ಊರಿನ ಹೆಸರನ್ನೂ ಹೊರಡುವ ಮೊದಲೇ ಬರೆದು ಪರೀಕ್ಷಿಸಿ. ವಿಜಯಪುರ ಜಿಲ್ಲೆಯಲ್ಲೇ ಹೂವಿನ ಹಿಪ್ಪರಗಿಯೂ ಇದೆ, ದೇವರ ಹಿಪ್ಪರಗಿಯೂ ಇದೆ. ಬರಿಯ ‘ಹೂವಿನ’ ಎಂದರೆ ತುಂಗಭದ್ರೆಯ ಕಡೆಯ ಹೂವಿನ ಹಡಗಲಿಯೂ ಬಂದೀತು. ಹೆಸರು ತಪ್ಪಿದೆಯೆಂದು ದಾರಿಯಲ್ಲಿ ತಿಳಿದರೆ ವಾಹನವನ್ನು ಬದಿಗೆ ನಿಲ್ಲಿಸಿಯೇ ತಿದ್ದಿಕೊಳ್ಳಬೇಕು.

ಕೊನೆಯದಾಗಿ ಒಂದು ಪರೀಕ್ಷೆ

ವಾಹನವನ್ನು ಅಂಗಳದಲ್ಲಿ ನಿಲ್ಲಿಸಿ, ಅದನ್ನು ನಡೆಸುವವರೇ ಸೀಟಿನಲ್ಲಿ ಕೂರಲಿ. ಮನೆಯ ಮಗುವೊಂದು ಮುಂಭಾಗದಲ್ಲಿ ಬಲದಿಂದ ಎಡಕ್ಕೆ ನಿಧಾನವಾಗಿ ನಡೆಯಲಿ. ಮೊಬೈಲಿನ ಹಿಂದೆ ಮಗು ಒಂದು ಕ್ಷಣ ಮರೆಯಾದರೂ ಆ ಜಾಗ ಬೇಡ. ಬೇರೆ ಕಡೆ ಕೂರಿಸಿ. ಸದಸ್ಯರು ಈ ವಿಷಯವನ್ನು ತಮ್ಮ ಚಾಲಕರಿಗೂ ಓದಿ ಹೇಳಬೇಕಾಗಿ ಕೋರಿಕೆ.

— ಕಾರ್ಯದರ್ಶಿ