ಹಳೆಯ ಬಾಯ್ಲರೂ ಸರ್ಕಾರದ ಹಣವೂ

ಬಾಯ್ಲರ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಚ್ಚಲುಮನೆಯ ಮೂಲೆಯಲ್ಲಿ ನಿಂತ ತಾಮ್ರದ ಬಾಯ್ಲರು. ಹಳ್ಳಿಯವರಿಗಾದರೆ ಒಲೆಯ ಮೇಲೆ ಕೂರಿಸಿದ ಹಂಡೆ. ಕರಟ, ತೆಂಗಿನ ಗರಿ, ಸೌದೆಯ ಚಕ್ಕೆ ಹಾಕಿ ಉರಿಸಿದರೆ ಮನೆಮಂದಿಯ ಸ್ನಾನಕ್ಕೆ ನೀರು ಸಿದ್ಧ. ಅದು ಕೆಟ್ಟರೆ ನಾಲ್ಕು ದಿನ ತಣ್ಣೀರಿನಲ್ಲಿ ಮಿಂದರಾಯಿತು. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಬಾಯ್ಲರು ಸ್ನಾನದ ನೀರನ್ನಷ್ಟೇ ಅಲ್ಲ, ಇಡೀ ಮನೆಯನ್ನೇ ಬೆಚ್ಚಗಿಡುವ ಯಂತ್ರ. ಚಳಿಗಾಲದಲ್ಲಿ ಅದು ನಿಂತಿತೆಂದರೆ ಮುದುಕರಿಗೂ ಎಳೆಯ ಮಕ್ಕಳಿಗೂ ಕಾಯಿಲೆ ಕಟ್ಟಿಟ್ಟದ್ದು. ಆದುದರಿಂದಲೇ ಮನೆಯೊಳಗಿನ ಈ ಯಂತ್ರವನ್ನು ಬದಲಾಯಿಸಲು ಅಲ್ಲಿನ ಸರ್ಕಾರ ಹಣ ಕೊಡಬೇಕಾಗಿ ಬಂದಿತು. ಆ ಹಣ ಯಾರಿಗೆ, ಹೇಗೆ ತಲುಪುತ್ತದೆ ಎಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಒಳ್ಳೆಯ ಪಾಠ.

ಮೊದಲು ಯಂತ್ರದ ವಿಚಾರ. ಬಾಯ್ಲರಿನಲ್ಲಿ ಅನಿಲ ಉರಿದು ನೀರು ಕಾಯುತ್ತದೆ. ಕಾದ ನೀರನ್ನು ಪಂಪು ಕೊಠಡಿಕೊಠಡಿಗೂ ತಳ್ಳುತ್ತದೆ. ಗೋಡೆಗೆ ಹೊಂದಿಸಿದ ರೇಡಿಯೇಟರುಗಳಲ್ಲಿ ಶಾಖವನ್ನು ಬಿಟ್ಟು ನೀರು ಮತ್ತೆ ಬಾಯ್ಲರಿಗೆ ಮರಳುತ್ತದೆ. 1967ರಿಂದ 1977ರವರೆಗೆ ಉತ್ತರ ಸಮುದ್ರದ ಅನಿಲವನ್ನು ಮನೆಮನೆಗೂ ಹಂಚಿದಂದಿನಿಂದ ಈ ಪದ್ಧತಿ ಬೇರೂರಿತು. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಾಲ್ಕು ಮನೆಗಳಲ್ಲಿ ಹೆಚ್ಚುಕಡಮೆ ಮೂರು, ಕೊಳವೆಯ ಅನಿಲವೊಂದನ್ನೇ ನಂಬಿದ್ದುವು.

ಹಳೆಯ ಬಾಯ್ಲರಿನ ದೋಷವೆಂದರೆ ಶಾಖದ ಪೋಲು. ಉರಿದ ಅನಿಲದ ಶಾಖದಲ್ಲಿ ಶೇಕಡಾ 30ಕ್ಕೂ ಮಿಕ್ಕಿ ಹೊಗೆಕೊಳವೆಯಲ್ಲಿ ಹಾರಿಹೋಗುವ ಬಾಯ್ಲರುಗಳು ಅಲ್ಲಿ ಬಹುಕಾಲ ಉಳಿದಿದ್ದುವು. ಹೊಸ ಬಗೆಯ ಬಾಯ್ಲರು ಹೊಗೆಯಲ್ಲಿರುವ ನೀರಾವಿಯನ್ನು ತಣಿಸಿ, ಅದರ ಗುಪ್ತೋಷ್ಣವನ್ನೂ ಹಿಡಿದುಕೊಳ್ಳುತ್ತದೆ. ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಶೇಕಡಾ 90ರಷ್ಟು ಶಾಖ ಮನೆಗೆ ದಕ್ಕುತ್ತದೆ. 2005ರ ಏಪ್ರಿಲ್‌ನಿಂದ ಹೊಸದಾಗಿ ಕೂರಿಸುವ ಅನಿಲದ ಬಾಯ್ಲರು ಸಾಮಾನ್ಯವಾಗಿ ಈ ಬಗೆಯದೇ ಆಗಿರಬೇಕೆಂದು ನಿಯಮವಾಯಿತು.

ಸಹಾಯ ಮಾಡುವ ವಿಧಾನಗಳು ಮುಖ್ಯವಾಗಿ ಮೂರು. ಮೊದಲನೆಯದು, ತೆರಿಗೆಯ ಹಣದಿಂದ ಬಡವರಿಗೆ ನೇರವಾಗಿ ಕೊಡುವುದು. 2000ದಲ್ಲಿ ಆರಂಭವಾಗಿ 2013ರಲ್ಲಿ ಮುಗಿದ ‘ವಾರ್ಮ್ ಫ್ರಂಟ್’ ಯೋಜನೆ ಈ ಜಾತಿಯದು. ಎರಡನೆಯದು, ದೊಡ್ಡ ಅನಿಲ ಮತ್ತು ವಿದ್ಯುತ್ ಕಂಪನಿಗಳ ಮೇಲೆ ಹೊಣೆ ಹೊರಿಸುವುದು. 2013ರಲ್ಲಿ ಬಂದ ಈ ಕ್ರಮದಲ್ಲಿ ಕಡಮೆ ವರಮಾನದವರ ಮನೆಗಳನ್ನು ಕಂಪನಿಗಳೇ ದುರಸ್ತಿ ಮಾಡಿಸಬೇಕಾಗಿತ್ತು. ಆದರೆ ಕಂಪನಿ ತನ್ನ ಗಂಟಿನಿಂದ ಕೊಡುವುದುಂಟೆ? ಆ ಖರ್ಚು ಎಲ್ಲ ಗ್ರಾಹಕರ ಬಿಲ್ಲಿಗೂ ಸೇರುತ್ತಿತ್ತು. ಸಹಾಯ ದೊರೆಯದ ಬಡವನೂ ತನ್ನ ಪಾಲು ತೆರುತ್ತಿದ್ದ. ಮೂರನೆಯದು, ವರಮಾನವನ್ನು ಕೇಳದೆ ಎಲ್ಲರಿಗೂ ಗೊತ್ತಾದ ಮೊತ್ತ ಕೊಡುವುದು. 2010ರಲ್ಲಿ ಇಂಗ್ಲೆಂಡಿನಲ್ಲಿ ತೀರ ಕೆಳದರ್ಜೆಯ ಬಾಯ್ಲರನ್ನು ತೆಗೆಸುವವರಿಗೆ 400 ಪೌಂಡು ಕೊಟ್ಟದ್ದು ಹೀಗೆಯೇ. 1,25,000 ಮನೆಗಳಿಗೆಂದು ಇಟ್ಟಿದ್ದ ಆ ಹಣಕ್ಕೆ ಕೆಲವೇ ತಿಂಗಳಲ್ಲಿ ಬೇಡಿಕೆ ತುಂಬಿಹೋಯಿತು.

2022ರ ಮೇ ತಿಂಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಗೆ ಬಂದ ‘ಬಾಯ್ಲರ್ ಅಪ್‌ಗ್ರೇಡ್’ ಯೋಜನೆಯೂ ಈ ಮೂರನೆಯ ಬಗೆಯದೇ. ಆದರೆ ಇಲ್ಲಿ ಒಂದು ತಿರುವುಂಟು: ಹೊಸ ಅನಿಲದ ಬಾಯ್ಲರಿಗೆ ಬಿಡಿಕಾಸೂ ಇಲ್ಲ. ಹೊರಗಿನ ಗಾಳಿಯ ಶಾಖವನ್ನೇ ಸೆಳೆದು ಒಳಗೆ ತರುವ ವಿದ್ಯುತ್ತಿನ ಹೀಟ್ ಪಂಪಿಗೆ ಮೊದಲು 5,000 ಪೌಂಡು ಗೊತ್ತುಮಾಡಿದ್ದರು. 2023ರ ಅಕ್ಟೋಬರ್ 23ರಿಂದ ಅದು 7,500ಕ್ಕೆ ಏರಿತು. ಅರ್ಜಿ ಹಾಕುವವನು ಮನೆಯ ಯಜಮಾನನಲ್ಲ. ಯಂತ್ರವನ್ನು ಕೂರಿಸುವ, ಪ್ರಮಾಣಪತ್ರವುಳ್ಳ ಗುತ್ತಿಗೆದಾರ. ಅವನು ಆ ಮೊತ್ತವನ್ನು ತನ್ನ ಬೆಲೆಯಲ್ಲಿ ಕಳೆದು, ಉಳಿದದ್ದನ್ನು ಮಾತ್ರ ಮನೆಯವರಿಂದ ಪಡೆಯಬೇಕು. ಹೀಗೆ ಮೊದಲು ಪೂರ್ತಿ ಹಣ ಹೊಂದಿಸಿ ಆಮೇಲೆ ಕಚೇರಿ ಅಲೆಯುವ ಕಷ್ಟ ತಪ್ಪಿತು.

ಇನ್ನು ಸಣ್ಣ ಲೆಕ್ಕವೊಂದನ್ನು ನೋಡೋಣ. 2023ರ ಅಕ್ಟೋಬರ್‌ನಲ್ಲಿ ನಿಯಂತ್ರಿತ ದರದಂತೆ ಒಂದು ಯೂನಿಟ್ ಅನಿಲಕ್ಕೆ ಸುಮಾರು 7 ಪೆನ್ನಿ, ವಿದ್ಯುತ್ತಿಗೆ ಸುಮಾರು 27 ಪೆನ್ನಿ. ಶೇಕಡಾ 70 ಶಾಖ ಕೊಡುವ ಹಳೆಯ ಬಾಯ್ಲರಿನಲ್ಲಿ ಒಂದು ಯೂನಿಟ್ ಶಾಖಕ್ಕೆ 10 ಪೆನ್ನಿ ಬೀಳುತ್ತದೆ. ಶೇಕಡಾ 90ರ ಹೊಸ ಬಾಯ್ಲರಿನಲ್ಲಿ 8 ಪೆನ್ನಿಗೂ ಕಡಮೆ. ಹೀಟ್ ಪಂಪು ಒಂದು ಯೂನಿಟ್ ವಿದ್ಯುತ್ತಿನಿಂದ ಮೂರು ಯೂನಿಟ್ ಶಾಖ ತಂದರೆ 9 ಪೆನ್ನಿ. ಅಂದರೆ, ಹಳೆಯ ಬಾಯ್ಲರನ್ನು ಬಿಟ್ಟವನಿಗೆ ಲಾಭ. ಹೊಸ ಬಾಯ್ಲರು ಇದ್ದವನಿಗೆ ನಷ್ಟ. ಸರ್ಕಾರ ಯಂತ್ರದ ಬೆಲೆಗೆ ನೆರವು ಕೊಟ್ಟಿತು. ಪ್ರತಿ ತಿಂಗಳೂ ಬರುವ ಬಿಲ್ಲು ಮನೆಯವನದೇ ಆಗಿ ಉಳಿಯಿತು. ಗೋಡೆ, ಅಟ್ಟಗಳಿಂದ ಶಾಖ ಸೋರುವ ಮನೆಯಲ್ಲಿ ಯಾವ ಯಂತ್ರವನ್ನು ಕೂರಿಸಿದರೂ ತೂತು ಕೊಡಕ್ಕೆ ನೀರು ಹೊಯ್ದಂತೆಯೇ ಸರಿ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದು. ವರಮಾನ ಕೇಳದೆ ಕೊಡುವ ಸಹಾಯ ನೋಡಲು ಸಮಾನವೆನಿಸುತ್ತದೆ. ಆದರೆ 7,500 ಪೌಂಡು ಕಳೆದ ಮೇಲೂ ಉಳಿಯುವ ಬಾಕಿಯನ್ನು ಯಾರು ಕೊಡಬಲ್ಲರೋ ಅವರೇ ಅದನ್ನು ಪಡೆಯಬಲ್ಲರು. ಬಾಡಿಗೆಮನೆಯಲ್ಲಿ ಯಂತ್ರ ಬದಲಿಸಬೇಕೆಂಬ ತೀರ್ಮಾನ ಮಾಲೀಕನದು. ಬಿಲ್ಲು ಕಟ್ಟುವುದೂ ಚಳಿಯಲ್ಲಿ ನಡುಗುವುದೂ ಬಾಡಿಗೆದಾರನ ಪಾಲು. 1991ರಲ್ಲಿಯೇ ಬ್ರೆಂಡಾ ಬೋರ್ಡ್‌ಮನ್ ಎಂಬ ವಿದುಷಿ, ಮನೆಯನ್ನು ಬೆಚ್ಚಗಿಡಲು ವರಮಾನದ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಇಂಧನಕ್ಕೆ ತೆರಬೇಕಾದವರನ್ನು ‘ಇಂಧನ ಬಡವರು’ ಎಂದು ಗುರುತಿಸಿದರು. ಅವರ ಬಡತನಕ್ಕೆ ಕೊರೆಯುವ ಮನೆಯೂ ಹಳಸಿದ ಯಂತ್ರವೂ ಕಾರಣವೆಂದು ತೋರಿಸಿಕೊಟ್ಟರು.

ಸಹಾಯಧನವೆಂಬುದು ಮಳೆಯ ನೀರಿನಂತೆ. ಸುರಿದದ್ದೆಷ್ಟು ಎಂದು ಅಳೆದರೆ ಸಾಲದು. ಯಾರ ಹೊಲಕ್ಕೆ ಹರಿಯಿತು ಎಂಬುದನ್ನೂ ನೋಡಬೇಕು. ಯಾವ ದೇಶದ ಯಾವ ಯೋಜನೆಯನ್ನು ಓದುವಾಗಲೂ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಹಣ ಯಾರ ಜೇಬಿನಿಂದ ಬಂದಿತು, ಯಾರ ಕೈ ಸೇರಿತು, ಕೈ ಸೇರಿದ ಮೇಲೆ ಆ ಮನೆ ನಿಜವಾಗಿ ಬೆಚ್ಚಗಾಯಿತೆ?