ಬೀದಿಯೊಳಗಣ ವಿದ್ಯುತ್ ಸಂತೆ

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು 1902ರಲ್ಲಿ ತೊಂಬತ್ತು ಮೈಲಿಗೂ ಮಿಕ್ಕ ದೂರವನ್ನು ದಾಟಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದು ದಿಕ್ಕು ಬದಲಿಸುತ್ತ ಹರಿಯುವ ಪರ್ಯಾಯ ಪ್ರವಾಹವಾದುದರಿಂದ ಅದರ ವೋಲ್ಟೇಜನ್ನು ಏರಿಸಿ ಇಳಿಸುವುದು ಆಗ ಸುಲಭವಾಯಿತು. ಏಕಮುಖ ಪ್ರವಾಹಕ್ಕೆ ಅಂದು ಆ ಸೌಕರ್ಯವಿರಲಿಲ್ಲ.

ಈಗ ಸರಸ್ವತೀಪುರ, ಕುವೆಂಪುನಗರಗಳ ಮಾಳಿಗೆಗಳ ಮೇಲೆ ಸೌರಫಲಕಗಳು ಕುಳಿತಿವೆಯಷ್ಟೆ. ಅವು ಕೊಡತಕ್ಕದ್ದು ಏಕಮುಖ ಪ್ರವಾಹವನ್ನೇ. ಬ್ಯಾಟರಿಗೂ ಎಲ್‌ಇಡಿ ದೀಪಕ್ಕೂ ಮೊಬೈಲಿಗೂ ಬೇಕಾದುದೂ ಅದೇ. ಆದರೂ ಅದನ್ನು ಪರ್ಯಾಯವಾಗಿಸಿ ಮತ್ತೆ ಏಕಮುಖವಾಗಿಸುತ್ತೇವೆ; ಒಂದೇ ದಾರಿಯಲ್ಲಿ ಎರಡು ಸುಂಕದ ಕಟ್ಟೆಗಳನ್ನು ಕಟ್ಟಿಕೊಂಡಂತೆ. ಮಿಕ್ಕ ವಿದ್ಯುತ್ತು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ, ಆಯೋಗವು ಗೊತ್ತುಮಾಡಿದ ದರಕ್ಕೆ ಹೋಗುತ್ತದೆ. ಒಂದು ಬೀದಿಯ ಮನೆಗಳನ್ನು ಏಕಮುಖ ತಂತಿಯಿಂದಲೇ ಜೋಡಿಸಿ, ನೆರೆಯವರು ನೆರೆಯವರಿಗೆ ಮಾರುವಂತಾದರೆ ಬೆಲೆ ಕಟ್ಟುವ ಬಗೆ ಹೇಗೆ?

ತರಕಾರಿಯ ಸಂತೆಯ ನ್ಯಾಯ ಇಲ್ಲಿ ಪೂರಾ ಸಲ್ಲದು. 480 ವಾಟುಗಳನ್ನು 48 ವೋಲ್ಟಿನಲ್ಲಿ ಸಾಗಿಸಲು 10 ಆಂಪಿಯರುಗಳು ಬೇಕು. 230 ವೋಲ್ಟಿನಲ್ಲಾದರೆ ಎರಡು ಚಿಲ್ಲರೆ ಸಾಕು. ನಷ್ಟವು ಪ್ರವಾಹದ ವರ್ಗವನ್ನನುಸರಿಸುವುದರಿಂದ, ಅದೇ ತಂತಿಯಲ್ಲಿ ಪೋಲು ಸುಮಾರು 23 ಪಾಲಾಗುತ್ತದೆ. ಆದಕಾರಣ ಇಂತಹ ಸಂತೆ ಬೀದಿಯಷ್ಟಕ್ಕೇ ಸರಿ. ಆ ಪೋಲನ್ನು ಬೆಲೆಗೆ ಸೇರಿಸಿದರೆ ಬೀದಿಯ ಕೊನೆಯ ಮನೆಯವರು ಹೆಚ್ಚು ತೆರಬೇಕಾಗುತ್ತದೆ. ಲೆಕ್ಕಕ್ಕೆ ಅದು ಸರಿ. ಆದರೆ ಮನೆ ಕೊನೆಯಲ್ಲಿರುವುದು ಅವರ ತಪ್ಪಲ್ಲವಲ್ಲ! ಆ ನಷ್ಟವನ್ನು ಎಲ್ಲರೂ ಹಂಚಿಕೊಳ್ಳುವುದೇ ಮೇಲೆಂದು ನಮ್ಮ ಅಭಿಪ್ರಾಯ.

ಒಂದು ಅನುಕೂಲವೂ ಉಂಟು. ಬೇಡಿಕೆ ಹೆಚ್ಚಿದರೆ ಇಂತಹ ತಂತಿಯ ವೋಲ್ಟೇಜು ತಾನಾಗಿ ಕುಗ್ಗುತ್ತದೆ, ಸರಕು ಹೆಚ್ಚಿದರೆ ಏರುತ್ತದೆ. ಯಂತ್ರಗಳು ಅದನ್ನೇ ಡಂಗುರವೆಂದು ತಿಳಿದು ಕೊಳ್ಳಬಹುದು, ಮಾರಬಹುದು.

ತೊಡಕಿರುವುದು ಸಂಜೆಯಲ್ಲಿ. ಹೊತ್ತು ಮುಳುಗಿದ ಮೇಲೆ ಕೊಳ್ಳುವವರೇ ಎಲ್ಲರೂ. ಮಾರುವವನು ದೊಡ್ಡ ಬ್ಯಾಟರಿಯುಳ್ಳ ಒಬ್ಬನೇ ಆದಾನು. ಅವನು ಕೇಳಿದ್ದೇ ಬೆಲೆ. ಬ್ಯಾಟರಿ ಸವೆಯುವುದರಿಂದ ಅವನಿಗೂ ತಕ್ಕ ಪ್ರತಿಫಲ ಬೇಕೆನ್ನಿ; ಆದರೂ ದರಕ್ಕೊಂದು ಮೇರೆಯನ್ನು ಹಾಕದಿದ್ದರೆ, ಅಗ್ಗದ ಹಗಲಿನ ಲಾಭವೆಲ್ಲ ರಾತ್ರಿಯ ಎರಡು ಗಳಿಗೆಯಲ್ಲಿ ಕರಗಿಹೋಗುತ್ತದೆ. ಹೊರಗಿನಿಂದ ನಿಗಮದ ತಂತಿಯೂ ಬೀದಿಗೆ ಕೂಡಿಕೊಂಡಿದ್ದರೆ ಅದರ ದರವೇ ಸಹಜವಾದ ಮೇರೆಯಾದೀತು.

ಇನ್ನು ತೂಕದ ಮಾತು. 1905ರಲ್ಲಿ ಇದೇ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಶಾಮಶಾಸ್ತ್ರಿಗಳ ಕೈಗೆ ಬಂದ ಕೌಟಿಲ್ಯನ ಅರ್ಥಶಾಸ್ತ್ರವು, ತೂಕ ಅಳತೆಗಳನ್ನು ನಾಲ್ಕು ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆಯೊತ್ತಿಸಬೇಕೆಂದು ವಿಧಿಸುತ್ತದೆ. ನೆರೆಮನೆಯ ಮೀಟರನ್ನು ಪರೀಕ್ಷಿಸತಕ್ಕವರು ಯಾರೆಂಬುದನ್ನು, ತಂತಿಯೆಳೆಯುವುದಕ್ಕೆ ಮೊದಲೇ ಬೀದಿಯವರು ಕುಳಿತು ಗೊತ್ತುಮಾಡಿಕೊಳ್ಳಬೇಕು.