ಅರಮನೆ ಉಳಿಯದ ರಾಜಧಾನಿ

ಬೀದರ್ ಜಿಲ್ಲೆಯ ಬಸವಕಲ್ಯಾಣ ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ದಖ್ಖನ್ನಿನ ಬಹುಭಾಗವನ್ನು ಆಳಿದ ಚಾಲುಕ್ಯರ ರಾಜಧಾನಿ. ಒಂದನೆಯ ಸೋಮೇಶ್ವರ ಮಾನ್ಯಖೇಟವನ್ನು ಬಿಟ್ಟು ಇಲ್ಲಿ ನೆಲೆನಿಂತ. ಅವನ ಅರಮನೆಯನ್ನು ಹುಡುಕಿ ಬರುವವರಿಗೆ ನಿರಾಸೆ ತಪ್ಪಿದ್ದಲ್ಲ. ಊರಿನ ಕೋಟೆಯ ಈಗಿನ ರೂಪ ಬಹುಮಟ್ಟಿಗೆ ಬಹಮನಿಗಳು ಮತ್ತು ಅವರ ನಂತರದ ಸುಲ್ತಾನರ ಕಾಲದ್ದು. ಚಾಲುಕ್ಯರ ಕಲ್ಯಾಣವನ್ನು ಕಾಣಬೇಕಾದರೆ ಪುಸ್ತಕ ತೆರೆಯಬೇಕು, ಇಲ್ಲವೇ ಸುತ್ತಲಿನ ಹಳ್ಳಿಗಳ ಗುಡಿಗಳಿಗೆ ಹೋಗಬೇಕು.

ಊರಿಗೆ ಹೆಸರು ತಂದವನು ಆರನೆಯ ವಿಕ್ರಮಾದಿತ್ಯ. 1076ರಲ್ಲಿ ಪಟ್ಟಕ್ಕೆ ಬಂದು ಶಕವರ್ಷವನ್ನು ಬದಿಗಿರಿಸಿ ತನ್ನದೇ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದ. ಐವತ್ತು ವರ್ಷ ಆಳಿದ. ಕಾಶ್ಮೀರದಿಂದ ಹೊರಟ ಬಿಲ್ಹಣ ಹಲವು ಆಸ್ಥಾನಗಳನ್ನು ಕಂಡು ಕೊನೆಗೆ ಇಲ್ಲಿ ನೆಲೆಸಿ 'ವಿಕ್ರಮಾಂಕದೇವಚರಿತ' ಬರೆದ. ವಿಜ್ಞಾನೇಶ್ವರ 'ಮಿತಾಕ್ಷರ'ವನ್ನು ರಚಿಸಿದ್ದೂ ಇದೇ ರಾಜನ ಕಾಲದಲ್ಲಿ. ಆಸ್ತಿ ಹಂಚಿಕೆಯ ಬಗ್ಗೆ ಆತ ಹೇಳಿದ್ದನ್ನು ಬ್ರಿಟಿಷರ ಕೋರ್ಟುಗಳೂ ಒಪ್ಪಿದವು. ಬಂಗಾಳದ ಆಚೆ ಹಿಂದೂ ಕುಟುಂಬಗಳ ಪಾಲುಪಾರಿಕತ್ತು ಬಹುತೇಕ ಅದರಂತೆಯೇ ನಡೆಯಿತು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ರಾಜನೀತಿಯಿಂದ ಹಿಡಿದು ಆನೆ ಪಳಗಿಸುವುದು, ಸಂಗೀತ, ಅಡುಗೆ ಎಲ್ಲವೂ ಇದೆ. ಅದರ 'ಇಡ್ಡರಿಕಾ' ಬರೀ ಉದ್ದಿನ ಹಿಟ್ಟಿನದು, ಅಕ್ಕಿಯ ಸುದ್ದಿಯೇ ಇಲ್ಲ. ಇಂದಿನ ಹೋಟೆಲಿನ ಇಡ್ಲಿಯ ಪೂರ್ವಜ ಇದೇ ಎಂದು ಬಹಳ ಜನ ನಂಬುತ್ತಾರೆ.

ಗುಡಿಗಳ ಪೈಕಿ ಮೊದಲು ನೋಡಬೇಕಾದ್ದು ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ಕಲ್ಮೇಶ್ವರ ದೇವಾಲಯ. ಹೊರಗೋಡೆಯ ಮದನಿಕೆಯರಲ್ಲಿ ಒಬ್ಬಳು ನೋಡುವವರಿಗೆ ಬೆನ್ನುಹಾಕಿ, ಮೈ ಬಳುಕಿಸಿ ನಿಂತು ಕಲ್ಲಿನ ಮೇಲೆ ಅಕ್ಷರ ಕೊರೆಯುತ್ತಿದ್ದಾಳೆ. ಆ ಅಕ್ಷರಗಳು ಬರಿಯ ಅಲಂಕಾರವಲ್ಲ, ಓದಬಹುದಾದ ಸಂಸ್ಕೃತ ಶ್ಲೋಕ. ಸಪ್ತದ್ವೀಪಗಳ ಭೂಮಿಯೆಲ್ಲ ಚಾಲುಕ್ಯ ವಿಕ್ರಮಾದಿತ್ಯನ ವಶವಾಗುತ್ತದೆ ಎಂಬುದು ಅದರ ಸಾರ. ಹೊಗಳಿಕೆ ಎಲ್ಲ ಆಸ್ಥಾನಗಳಲ್ಲೂ ಇದ್ದದ್ದೇ. ಆದರೆ ಅದನ್ನು ಶಾಸನದ ಕಂಬಕ್ಕೆ ಬಿಡದೆ ಒಬ್ಬ ಹೆಣ್ಣಿನ ಕೈಗೆ ಕೊಟ್ಟ ಶಿಲ್ಪಿಯ ಜಾಣತನ ಬೇರೆ ಕಡೆ ಕಾಣಸಿಗುವುದು ಅಪರೂಪ. ಬಸವಕಲ್ಯಾಣದ ಮಗ್ಗುಲಲ್ಲೇ ಇರುವ ನಾರಾಯಣಪುರದ ಶಿವಾಲಯದಲ್ಲೂ ಇದೇ ಶೈಲಿಯ ಮದನಿಕೆಯರಿದ್ದಾರೆ.

ಹನ್ನೆರಡನೆಯ ಶತಮಾನದ ನಡುವಿನಲ್ಲಿ ಕಳಚುರಿ ಬಿಜ್ಜಳ ಅಧಿಕಾರ ಹಿಡಿದ. ಅವನ ಭಂಡಾರಿಯಾಗಿದ್ದ ಬಸವಣ್ಣನ ಸುತ್ತ ನೆರೆದ ಶರಣರು ಮಾತನಾಡಿದ್ದು ಆಸ್ಥಾನದ ಸಂಸ್ಕೃತದಲ್ಲಲ್ಲ, ಜನರ ಕನ್ನಡದಲ್ಲಿ. ಊರಿನ ಪರುಷಕಟ್ಟೆ, ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿಗಳನ್ನು ಭಕ್ತರು ಆ ಕಾಲದ ನೆನಪಿನಿಂದಲೇ ನೋಡುತ್ತಾರೆ.

ರಾಜ್ಯ ಹೋದರೂ ಹೆಸರಿನ ತೂಕ ಇಳಿಯಲಿಲ್ಲ. ಇಲ್ಲಿನ ಮಧುಕೇಶ್ವರ ಗುಡಿಯಲ್ಲಿ ಭಗ್ನವಾದ ಲಿಂಗವನ್ನು ಮತ್ತೆ ಸ್ಥಾಪಿಸಲು ತುಘಲಕ್ ಅಧಿಕಾರಿಗಳು ಒಪ್ಪಿದ್ದನ್ನು 1326ರ ಸಂಸ್ಕೃತ ಶಾಸನ ದಾಖಲಿಸಿದೆ. ವಿಜಯನಗರದ ಅಳಿಯ ರಾಮರಾಯ ತನ್ನನ್ನು ಚಾಲುಕ್ಯ ವಂಶದವನೆಂದು ಕರೆದುಕೊಂಡು ಈ ಕೋಟೆಗಾಗಿ ದಂಡೆತ್ತಿ ಬಂದ. 1657ರಲ್ಲಿ ಅದು ಔರಂಗಜೇಬನ ಕೈಸೇರಿತು. ಮುಂದೆ ನಿಜಾಮರ ರಾಜ್ಯದಲ್ಲಿ ಕಲ್ಯಾಣಿ ನವಾಬರ ಜಹಗೀರಾಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಊರಿನ ಹೆಸರಿಗೆ ಬಸವಣ್ಣನ ಹೆಸರೂ ಕೂಡಿಕೊಂಡಿತು.

ಬೀದರ್–ಕಲಬುರಗಿ ರೈಲಿನಲ್ಲಿ ಬರುವವರು ಹುಮನಾಬಾದಿನಲ್ಲಿ ಇಳಿದು ಜಲಸಂಗ್ವಿಯನ್ನು ಮೊದಲು ನೋಡಿಕೊಂಡು, ಹೈದರಾಬಾದ್–ಪುಣೆ ಹೆದ್ದಾರಿ ಹಿಡಿದು ಬಸವಕಲ್ಯಾಣಕ್ಕೆ ಹೋಗಬಹುದು.